ದೊರಾಯ್ ಕೊಟ್ಟ ಸ್ವಿಚ್ಚು

ದೊರಾಯ್‌ಳ ಒಲೆಯ ಮೇಲೆ ಯಾವಾಗಲೂ ಎರಡು ಪಾತ್ರೆಗಳಿರುತ್ತಿದ್ದವು. ಒಂದರಲ್ಲಿ ಅನ್ನ, ಇನ್ನೊಂದರಲ್ಲಿ ಕಾರಿನ ಸ್ವಿಚ್ಚು.

ರೊಸಾರಿಯೊ ಪೇಟೆ ಮುಗಿದು ಬಾಗಿಯೊ ಕಡೆಗೆ ಬೆಟ್ಟದ ರಸ್ತೆ ಏರತೊಡಗುವ ತಿರುವಿನಲ್ಲಿ ಮುದುಕ ವೆನಾನ್ಸಿಯೊನ ಅಂಗಡಿ. ಹಳೇ ಕಾರುಗಳ ಬಿಡಿಭಾಗ ಮಾರುವ ಜಾಗ. ಮುಂದೆ ಅಂಗಡಿ, ಹಿಂದೆ ಮನೆ. ಆ ಮನೆಗೆ ಅಡುಗೆ ಕೆಲಸಕ್ಕೆಂದು ಬಂದಾಗ ದೊರಾಯ್‌ಗೆ ಹದಿನೈದು ವರ್ಷ. ಬೆಟ್ಟ ಹತ್ತಲು ಹೋಗಿ ಸೋತ ಕಾರುಗಳು ದಿನಕ್ಕೆ ಎರಡಾದರೂ ಮೂತಿಯಿಂದ ಉಗಿ ಬಿಡುತ್ತ ಹಿಂದಿರುಗಿ ಅಂಗಡಿ ಮುಂದೆ ನಿಲ್ಲುತ್ತಿದ್ದವು. ರೇಡಿಯೇಟರಿನ ಫ್ಯಾನು ತಿರುಗಿಲ್ಲ ಎಂದರೆ ಹತ್ತರಲ್ಲಿ ಆರು ಸಲ ತಪ್ಪು ಸ್ವಿಚ್ಚಿನದು. ರೇಡಿಯೇಟರಿನ ಪಕ್ಕೆಗೆ ತಿರುಪಿ ಕೂರಿಸಿದ ಹಿತ್ತಾಳೆಯ ಒಂದು ಗುಂಡು, ಹೆಬ್ಬೆರಳಿನಷ್ಟು. ನೀರು ಇಷ್ಟು ಡಿಗ್ರಿ ಕಾದಾಗ ಅದು ಫ್ಯಾನನ್ನು ಎಬ್ಬಿಸಬೇಕು, ಇಷ್ಟಕ್ಕೆ ತಣಿದಾಗ ಮಲಗಿಸಬೇಕು. ಅದರ ಕೆಲಸ ಅಷ್ಟೇ.

ಗುಜರಿ ಕಾರುಗಳಿಂದ ಬಿಚ್ಚಿದ ಸ್ವಿಚ್ಚುಗಳನ್ನು ಮುದುಕ ಅಡುಗೆಮನೆಗೆ ತಂದು ದೊರಾಯ್‌ಳ ಪಾತ್ರೆಯಲ್ಲೇ ಕುದಿಸುತ್ತಿದ್ದ. ಸ್ವಿಚ್ಚಿಗೆ ಎರಡು ತಂತಿ ಕಟ್ಟಿ ನೀರಿಗೆ ಇಳಿಬಿಡುವುದು, ತಂತಿಯ ಆ ತುದಿಗೆ ಬ್ಯಾಟರಿ, ಒಂದು ಚಿಕ್ಕ ಬಲ್ಬು. ಪಕ್ಕದಲ್ಲಿ ಥರ್ಮಾಮೀಟರು. ಬಲ್ಬು ಹೊತ್ತಿದ ಡಿಗ್ರಿಗೆ ಫ್ಯಾನು ಏಳುತ್ತದೆ, ಒಲೆ ಆರಿಸಿದ ಮೇಲೆ ಬಲ್ಬು ಆರಿದ ಡಿಗ್ರಿಗೆ ಮಲಗುತ್ತದೆ. ಮೊದಮೊದಲು ಪಾತ್ರೆ ಹಾಳಾಯಿತೆಂದು ದೊರಾಯ್ ಒಳಗೊಳಗೇ ಬೈದುಕೊಂಡಳು. ಆಮೇಲೆ ಮುದುಕನಿಗೆ ಕಣ್ಣು ಮಂಜಾಯಿತು, ಥರ್ಮಾಮೀಟರು ಓದುವ ಕೆಲಸ ಅವಳಿಗೆ ಬಂತು. ಅವಳು ಓದಿದ್ದನ್ನು ಮರೆಯುತ್ತಿರಲಿಲ್ಲ. ಯಾವ ಕಾರಿಗೆ ತಿರುಪಿನ ಯಾವ ಥ್ರೆಡ್ಡು, ತಂತಿ ಸಿಕ್ಕಿಸುವ ಕಡ್ಡಿ ಎರಡೋ ಮೂರೋ, ಎಷ್ಟಕ್ಕೆ ಏಳಬೇಕು, ಎಷ್ಟಕ್ಕೆ ಮಲಗಬೇಕು, ಎಲ್ಲ ಬಾಯಲ್ಲೇ. ಹತ್ತು ವರ್ಷಕ್ಕೆ ಅವಳು ಅಡುಗೆಮನೆಯಿಂದ ಅಂಗಡಿಯ ಕೌಂಟರಿಗೆ ಬಂದಳು. ಅಡುಗೆ ಕೆಲಸವೇನೂ ಬಿಡಲಿಲ್ಲ, ಅದೂ ಇತ್ತು, ಇದೂ ಇತ್ತು.

ಮದುವೆ ಆಗಲಿಲ್ಲ. ಯಾರಾದರೂ ಕೇಳಿದರೆ ಮುದುಕನ ಹೆಂಡತಿಯೇ, "ಅದಕ್ಯಾಕೆ ಮದುವೆ, ಅದರ ಮೂಗು ನೋಡಿದ್ದೀರಾ?" ಎಂದು ಬಾಗಿಲಲ್ಲೇ ಕಳಿಸಿಬಿಡುತ್ತಿದ್ದಳು. ಒಳ್ಳೆಯ ಆಳು ಕೈತಪ್ಪಬಾರದಲ್ಲ.

ಮುದುಕ ಸತ್ತ ಮೇಲೆ ಅಂಗಡಿ ಮಗ ರೊಡೆಲ್‌ನ ಪಾಲಿಗೆ ಬಂತು. ರೊಡೆಲ್ ಮನಿಲಾದಲ್ಲಿ ಓದಿ ಎಂಜಿನಿಯರ್ ಆದವನು. ಊರಿನ ವಾಡಿಕೆಯಂತೆ ಎಲ್ಲರೂ ಅವನನ್ನು 'ಎಂಜಿನಿಯರ್' ಎಂದೇ ಕರೆಯುತ್ತಿದ್ದರು, ಎತ್ತಿ ಆಡಿಸಿದ ದೊರಾಯ್ ಕೂಡ. ಅವನು ಬಂದ ಮೊದಲ ವಾರವೇ ಗೋಡೆಗೆ ಬಿಳಿ ಬಣ್ಣ ಬಳಿಸಿದ, ಗುಜರಿ ಮಾಲು ಹಿತ್ತಲಿಗೆ ಎಸೆಸಿದ, ಪೆಟ್ಟಿಗೆಯಲ್ಲಿ ಬರುವ ಹೊಸ ಮಾಲನ್ನೇ ಮಾರಬೇಕೆಂದ. ಆ ಹುಮ್ಮಸ್ಸಿನಲ್ಲಿ ಒಂದು ಎಡವಟ್ಟೂ ಆಯಿತು. ಥ್ರೆಡ್ಡು ಒಂದೇ ಎಂದು ನೋಡಿ, ಡಿಗ್ರಿ ನೋಡದೆ, ಎರಡು ಡಬ್ಬ ತುಂಬ ಸ್ವಿಚ್ಚು ತರಿಸಿದ. ನೂರಾ ಎರಡಕ್ಕೆ ಏಳುವ ಸ್ವಿಚ್ಚುಗಳು. ಅವು ಬೇರೆ ಯಾವುದೋ ಹೊಸ ಬಗೆಯ ಕಾರಿನವು, ಆ ಕಾರು ಈ ರಸ್ತೆಯಲ್ಲಿ ಓಡುವುದೇ ಅಪರೂಪ.

ದೊರಾಯ್ ಒಂದನ್ನು ಕುದಿಸಿ ನೋಡಿದಳು. ನೀರು ಕುದ್ದು ಕುದ್ದು ಅರ್ಧವಾದರೂ ಬಲ್ಬು ಹೊತ್ತಲಿಲ್ಲ. ಕೊನೆಗೆ ಕೊಬ್ಬರಿ ಎಣ್ಣೆಯಲ್ಲಿ ಹಾಕಿದ ಮೇಲೆ ಹೊತ್ತಿತು. ಅದನ್ನು ಹೇಳಿದ್ದಕ್ಕೆ ರೊಡೆಲ್, "ಮನಾಂಗ್, ನೀವು ಅದೇ ಎಣ್ಣೇಲಿ ಬಾಳೆಹಣ್ಣು ಕರೀರಿ. ಅದು ನಿಮ್ಮ ಲೈನು" ಎಂದ. ಮನಾಂಗ್ ಅಂದರೆ ಅಕ್ಕ. ಬಾಯಲ್ಲಿ ಅಕ್ಕ ಇತ್ತು. ಹೊರಗೆ ಕಾರಿನ ಕೆಳಗೆ ಮಲಗಿದ್ದ ಮೆಕ್ಯಾನಿಕ್ ಬಾಲ್ದೊ ಅಲ್ಲಿಂದಲೇ ನಕ್ಕ.

ಹೀಗಿರುವಾಗ ಮಾರ್ಚಿ ತಿಂಗಳ ಒಂದು ಮಂಗಳವಾರ ದುಮ್ಲಾವ್ ಮೇಷ್ಟ್ರು ಅಂಗಡಿಗೆ ಬಂದರು.

ಅವರು ಕಾರಿನಿಂದ ಇಳಿಯುವಾಗಲೇ ದೊರಾಯ್ ಗುರುತು ಹಿಡಿದಳು. ಮೂವತ್ತೇಳು ವರ್ಷವಾಗಿತ್ತು, ಬೆನ್ನು ಮಾತ್ರ ಇನ್ನೂ ಅಳತೆಗೋಲಿನಂತೆ ನೆಟ್ಟಗಿತ್ತು. ಐದನೇ ತರಗತಿಗೆ ಲೆಕ್ಕ ಹೇಳಿಕೊಟ್ಟವರು. ಭಿನ್ನರಾಶಿ ತಪ್ಪಿದವರನ್ನು ಹಲಗೆಯ ಪಕ್ಕ, ನೆಲದ ಮೇಲೆ ಹರಡಿದ ಹೆಸರುಕಾಳಿನ ಮೇಲೆ ಮಂಡಿಯೂರಿಸುತ್ತಿದ್ದರು. ಕಾಳನ್ನು ಮಕ್ಕಳೇ ಮನೆಯಿಂದ ತರಬೇಕು. ಒಂದು ಜೂನ್‌ನಿಂದ ನವೆಂಬರ್‌ವರೆಗೆ ದೊರಾಯ್ ಹೆಚ್ಚುಕಡಿಮೆ ದಿನವೂ ಮಂಡಿಯೂರಿದಳು. ಮಂಡಿಯ ಚರ್ಮದೊಳಗೆ ಹೊಕ್ಕ ಕಾಳನ್ನು ಅವಳ ಅಮ್ಮ ಪಿನ್ನಿನಿಂದ ಕೆದಕಿ ತೆಗೆಯುತ್ತಿದ್ದಳು. ಮಕ್ಕಳು ಅವಳಿಗೆ ಹೆಸರುಕಾಳು ಎಂದೇ ಹೆಸರಿಟ್ಟರು. ಡಿಸೆಂಬರಿನಲ್ಲಿ ಅವಳು ಶಾಲೆಗೆ ಹೋಗಲಿಲ್ಲ, ಮತ್ತೆ ಯಾವತ್ತೂ ಹೋಗಲಿಲ್ಲ.

ಮೇಷ್ಟ್ರದು ಎಂಬತ್ತೆರಡನೇ ಇಸವಿಯ ಜರ್ಮನ್ ಕಾರು, ತಿಳಿಹಸಿರು ಬಣ್ಣದ್ದು. ಒಳಗೆ ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಕೊನ್ಸಿಂಗ್ ಒರಗಿ ಕುಳಿತಿದ್ದರು. ಮೂತ್ರಪಿಂಡ ಕೆಟ್ಟಿತ್ತು, ವಾರಕ್ಕೆ ಎರಡು ಸಲ ಬಾಗಿಯೊ ಆಸ್ಪತ್ರೆಯಲ್ಲಿ ರಕ್ತ ತೊಳೆಸಬೇಕು. ಮುಖ ಊದಿ, ಬಣ್ಣ ಹಳೇ ಮೇಣದ ಹಾಗಿತ್ತು.

"ಫ್ಯಾನು ತಿರುಗ್ತಾ ಇಲ್ಲ. ಗುರುವಾರ ಬೆಟ್ಟದ ಮೇಲೆ ಹೋಗಬೇಕು" ಎಂದು ಮೇಷ್ಟ್ರು ಕೌಂಟರಿನ ಮೇಲೆ ಹಳೇ ಸ್ವಿಚ್ಚನ್ನು ಇಟ್ಟರು.

ದೊರಾಯ್ ತಲೆ ತಗ್ಗಿಸಿಯೇ ಮೂರು ಸ್ವಿಚ್ಚುಗಳನ್ನು ತಂದು ಸಾಲಾಗಿಟ್ಟಳು. ಮೂರಕ್ಕೂ ಒಂದೇ ಥ್ರೆಡ್ಡು, ಮೂರಕ್ಕೂ ಎರಡೆರಡು ಕಡ್ಡಿ.

"ಇದು ಎಂಬತ್ತೆರಡಕ್ಕೆ ಏಳತ್ತೆ ಸರ್, ಎಪ್ಪತ್ತೇಳಕ್ಕೆ ಮಲಗತ್ತೆ. ನಿಮ್ಮ ಕಾರಿನ ಇಂಜಿನ್ ಓಡೋದೇ ಎಂಬತ್ತೈದರ ಆಸುಪಾಸಲ್ಲಿ. ಇದನ್ನ ಹಾಕಿದ್ರೆ ಫ್ಯಾನು ಮಲಗೋದೇ ಇಲ್ಲ, ಕಾರು ನಿಲ್ಲಿಸಿದ ಮೇಲೂ ತಿರುಗಿ ಬ್ಯಾಟರಿ ತಿಂದುಹಾಕತ್ತೆ. ಇದು ತೊಂಬತ್ತೆರಡು, ಎಂಬತ್ತೇಳು. ನಿಮ್ಮದಕ್ಕೆ ಇದೇ ಆಗಬೇಕು."

"ಇದು ಹಳೇದು" ಎಂದರು ಮೇಷ್ಟ್ರು. ಸ್ವಿಚ್ಚಿನ ಮೇಲೆ ಕಿಲುಬಿತ್ತು.

"ಬೇರೆ ಕಾರಿಂದ ಬಿಚ್ಚಿದ್ದು ಸರ್. ನಾನೇ ಕುದಿಸಿ ನೋಡಿದ್ದೀನಿ. ಕರೆಕ್ಟಾಗಿದೆ."

"ಆ ಹೊಸದು?"

ಪೆಟ್ಟಿಗೆಯಲ್ಲಿ ಥಳಥಳ ಹೊಳೆಯುವ ಮೂರನೆಯದು. ದೊರಾಯ್ ಉತ್ತರಿಸುವ ಮೊದಲೇ ರೊಡೆಲ್ ಒಳಗಿನಿಂದ ಬಂದ. "ಅದನ್ನೇ ತಗೊಳ್ಳಿ ಸರ್. ಹೊಸ ಮಾಲು. ಗುಜರಿ ಸಾಮಾನಿಗೆ ನಾನು ಜವಾಬ್ದಾರಿ ಹೊರಲ್ಲ."

ದೊರಾಯ್ ಮೊದಲ ಸಲ ತಲೆಯೆತ್ತಿದಳು. "ಅದು ನೂರಾ ಎರಡರದು ಸರ್. ನೀರಲ್ಲಿ ಅದು ಹೊತ್ತಿಕೊಳ್ಳೋದೇ ಇಲ್ಲ, ಎಣ್ಣೇಲಿ ಕುದಿಸ್ಬೇಕು. ಬೆಟ್ಟದ ಮೇಲೆ ನೀರು ಇನ್ನೂ ಬೇಗ ಕುದಿಯತ್ತೆ. ಫ್ಯಾನು ಏಳೋಷ್ಟರಲ್ಲಿ ರೇಡಿಯೇಟರು ಉಕ್ಕಿ ಹೋಗಿರತ್ತೆ."

ರೊಡೆಲ್ ನಕ್ಕ, ಮಕ್ಕಳಿಗೆ ಹೇಳುವ ದನಿಯಲ್ಲಿ ಮೇಷ್ಟ್ರಿಗೆ ಹೇಳಿದ. "ಮುಚ್ಚಿದ ರೇಡಿಯೇಟರಲ್ಲಿ ಒತ್ತಡ ಇರತ್ತೆ ಸರ್. ನೂರಾ ಹದಿನೈದಾದ್ರೂ ನೀರು ಕುದಿಯಲ್ಲ. ನಿಮಗೆ ಗೊತ್ತಿರತ್ತೆ, ನೀವು ಓದಿದವರು."

ಅವನ ಮಾತು ಸುಳ್ಳಲ್ಲ. ಮುಚ್ಚಳ ಬಿಗಿಯಾಗಿದ್ದರೆ ಅದು ನಿಜವೇ. ದೊರಾಯ್‌ಗೂ ಅದು ಗೊತ್ತಿತ್ತು.

"ಮುಚ್ಚಳ ಯಾವಾಗ ಬದಲಾಯಿಸಿದ್ದು ಸರ್?"

"ಯಾಕೆ ಬದಲಾಯಿಸ್ಬೇಕು? ಕಾರು ತಗೊಂಡಾಗಿಂದ ಅದೇ ಇದೆ" ಎಂದ ಮೇಷ್ಟ್ರು ಕನ್ನಡಕ ಮೇಲಕ್ಕೆ ದೂಡಿ ಅವಳನ್ನು ದಿಟ್ಟಿಸಿದರು. ನಿಧಾನವಾಗಿ ಅವರ ಮುಖ ಅರಳಿತು. "ನಿಲ್ಲು, ನಿಲ್ಲು. ನೀನು ಹೆಸರುಕಾಳು ಅಲ್ವಾ?"

ಅಂಗಡಿಯಲ್ಲಿ ಆಗ ಐದಾರು ಜನರಿದ್ದರು. ಬಾಲ್ದೊ ಸ್ಪ್ಯಾನರ್ ಹಿಡಿದೇ ಬಾಗಿಲಿಗೆ ಬಂದ. ಮೇಷ್ಟ್ರು ಎಲ್ಲರಿಗೂ ಕೇಳುವಂತೆ ಹೇಳಿದರು. ಅರ್ಧ ಮತ್ತು ಕಾಲು ಸೇರಿದರೆ ಎಷ್ಟು ಎಂದರೆ ಈ ಹುಡುಗಿ ಆರರಲ್ಲಿ ಎರಡು ಅಂದಿದ್ದಳು, ಮೂವತ್ತೆಂಟು ವರ್ಷ ಪಾಠ ಮಾಡಿದ್ದೇನೆ, ಇಂಥ ದಡ್ಡ ತಲೆಯನ್ನು ನೋಡಿಲ್ಲ, ಐದು ತಿಂಗಳು ಮಂಡಿಯೂರಿಸಿದರೂ ಒಳಗೆ ಇಳಿಯಲಿಲ್ಲ ಎಂದರು. "ಈಗ ಇವಳು ನಂಗೆ ಡಿಗ್ರಿ ಲೆಕ್ಕ ಹೇಳ್ಕೊಡ್ತಾಳೆ" ಎಂದು ರೊಡೆಲ್ ಕಡೆ ತಿರುಗಿದರು. ಎಲ್ಲರೂ ನಕ್ಕರು. ನಗಬಾರದೆಂದುಕೊಂಡವರೂ ನಕ್ಕರು.

"ಹೊಸದು ಕೊಡಿ ಎಂಜಿನಿಯರ್" ಎಂದರು ಮೇಷ್ಟ್ರು.

ದೊರಾಯ್ ಹೊಸ ಸ್ವಿಚ್ಚನ್ನು ಕಾಗದದಲ್ಲಿ ಸುತ್ತಿದಳು. ತಾಮ್ರದ ವಾಷರ್ ಒಂದನ್ನು ಜೊತೆಗಿಟ್ಟಳು. ಬಿಲ್ಲು ಬರೆದಳು. ಒಂದು ಸಲ ಹೇಳಿಯಾಗಿತ್ತು, ಇನ್ನೊಂದು ಸಲ ಹೇಳಲು ಅವಳಿಗೆ ಬಾಯಿ ಇತ್ತು, ಮನಸ್ಸಿರಲಿಲ್ಲ. ಹೊರಗೆ ಬಾಲ್ದೊ ಹಳೇ ಸ್ವಿಚ್ಚಿನ ಜಾಗಕ್ಕೆ ಹೊಸದನ್ನು ತಿರುಪುತ್ತಿದ್ದಾಗ, ಮೇಷ್ಟ್ರು ಮರೆತಿಟ್ಟ ಟೋಪಿ ಕೊಡಲು ಅವಳು ಕಾರಿನ ಬಳಿ ಹೋದಳು. ಕೊನ್ಸಿಂಗ್ ಅರ್ಧ ತೆರೆದಿದ್ದ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದರು.

"ಇದು ಸರಿಹೋಗತ್ತಾ ಮಗಳೇ?"

ಒಂದು ಗಳಿಗೆ ದೊರಾಯ್ ಆ ಊದಿದ ಮುಖವನ್ನು ನೋಡಿದಳು. ಆ ಹೆಂಗಸು ಅವಳಿಗೆ ಏನೂ ಮಾಡಿದವಳಲ್ಲ.

"ಎಂಜಿನಿಯರ್ ಹೇಳಿದ್ದಾರಲ್ಲ ಅಮ್ಮ" ಎಂದಳು.

ಅವತ್ತು ಅವಳು ಅನ್ನಕ್ಕೆ ಒಣಮೀನು ಹುರಿದುಕೊಂಡು ಎರಡು ಸಲ ಬಡಿಸಿಕೊಂಡು ಉಂಡಳು. ಬುಧವಾರ ಇಡೀ ದಿನ ಬಾಲ್ದೊ ಅವಳನ್ನು ಹೆಸರುಕಾಳು ಎಂದು ಕೂಗಿದ. ಒಂದು ಹಿಡಿ ಕಾಳನ್ನು ಎಲ್ಲಿಂದಲೋ ತಂದು ಅವಳ ಸ್ಟೂಲಿನ ಮೇಲೆ ಹರಡಿಟ್ಟ. ಅವಳು ಒರೆಸಿ ಕುಳಿತಳು. ಗುರುವಾರಕ್ಕೆ ಇನ್ನು ಎಷ್ಟು ಹೊತ್ತು ಎಂದು ಲೆಕ್ಕ ಹಾಕುತ್ತಿದ್ದಳು, ಆ ಲೆಕ್ಕ ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಗುರುವಾರ ನಡೆದದ್ದನ್ನು ಶುಕ್ರವಾರ ಬೆಳಿಗ್ಗೆ ಎಲೆಕೋಸಿನ ಲಾರಿಯವನೊಬ್ಬ ಅಂಗಡಿಯಲ್ಲಿ ನಿಂತು ಹೇಳಿದ. ಮುಕ್ಕಾಲು ಬೆಟ್ಟ ಏರಿದ ಮೇಲೆ ತಿಳಿಹಸಿರು ಕಾರು ಉಗಿ ಬಿಡುತ್ತ ನಿಂತಿತ್ತಂತೆ. ಫ್ಯಾನು ಅಲುಗಾಡಿರಲಿಲ್ಲ. ದಾರಿಹೋಕರು ಇಬ್ಬರು, ಮುಟ್ಟಬೇಡಿ ತಾತ, ತಣಿಯಲಿ ಎಂದರಂತೆ. ಮೇಷ್ಟ್ರು, ನನಗೆ ಹೇಳಿಕೊಡಬೇಡಿ ಎಂದು ಟವೆಲು ಸುತ್ತಿ ಮುಚ್ಚಳ ತಿರುಗಿಸಿದರಂತೆ. ಕುದಿವ ನೀರು ಎದ್ದು ಬಲಗೆನ್ನೆ, ಬಲಗಿವಿ, ಕತ್ತು, ತೋಳಿನ ಮೇಲೆ ಬಿತ್ತು. ಹೆಂಡತಿ ಮೂರು ಗಂಟೆ ಹೊತ್ತು ಬಿಸಿಲಲ್ಲಿ ಕಾರಿನೊಳಗೇ ಇದ್ದರು. ಈ ಲಾರಿಯವನೇ ಇಬ್ಬರನ್ನೂ ಕೋಸಿನ ಮೂಟೆಗಳ ನಡುವೆ ಕೂರಿಸಿಕೊಂಡು ಆಸ್ಪತ್ರೆ ಮುಟ್ಟಿಸಿದ್ದ. ಅಷ್ಟರಲ್ಲಿ ಕೊನ್ಸಿಂಗ್‌ಗೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಸಿಕ್ಕುತ್ತಿರಲಿಲ್ಲ.

"ಮುಖ ನೋಡಬೇಕಿತ್ತು" ಎಂದ ಲಾರಿಯವನು. "ಹಬ್ಬದ ಹಂದಿ ಸುಟ್ಟ ಹಾಗೆ, ಒಂದು ಮಗ್ಗುಲು ಮಾತ್ರ."

"ಇನ್ನೊಂದು ಮಗ್ಗುಲು ತಿರುಗಿಸೋದು ಮರೆತ್ರು" ಎಂದ ಬಾಲ್ದೊ.

ದೊರಾಯ್ ನಗಲಿಲ್ಲ. ಎರಡು ದಿನದಿಂದ ಕಾದುಕೊಂಡಿದ್ದ ಸುದ್ದಿ ಅದು. ಬಂದಾಗ ಅವಳಿಗೆ ಮೇಷ್ಟ್ರ ಮುಖ ಕಣ್ಣಿಗೆ ಕಟ್ಟಲಿಲ್ಲ. ಕಿಟಕಿಯ ಗಾಜು ಇಳಿಸಿದ ಕೊನ್ಸಿಂಗ್‌ರ ಕೈ ಕಣ್ಣಿಗೆ ಕಟ್ಟಿತು. ಹಿಂದಿನ ಮನೆಗೆ ಹೋಗಿ ಅಕ್ಕಿ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು.

ಮೂರು ವಾರ ಬಿಟ್ಟು ಮೇಷ್ಟ್ರು ಬಾಡಿಗೆಯ ಮೂರು ಚಕ್ರದ ಬಂಡಿಯಲ್ಲಿ ಬಂದು ಇಳಿದರು. ತಲೆಯ ಬಲಭಾಗಕ್ಕೆಲ್ಲ ಬಿಳಿ ಬಟ್ಟೆ. ಬೆನ್ನು ಹಾಗೇ ನೆಟ್ಟಗೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಸ್ವಿಚ್ಚನ್ನು ಕೌಂಟರಿನ ಮೇಲೆ ಕುಕ್ಕಿದರು.

"ಯಾರು ಕೊಟ್ಟಿದ್ದು ಇದನ್ನ?"

ರೊಡೆಲ್‌ನ ಮುಖ ಬಿಳುಚಿತು. ಆದರೆ ಅವನು ವ್ಯಾಪಾರಸ್ಥ. ಬಿಲ್ಲಿನ ಪುಸ್ತಕ ತೆರೆದು ತಿರುಗಿಸಿ ತೋರಿಸಿದ. "ನೋಡಿ ಸರ್, ಕೈಬರಹ ಇವರದ್ದು. ಕಟ್ಟಿ ಕೊಟ್ಟಿದ್ದೂ ಇವರೇ. ನೀವೇ ಹೇಳಿ, ನಿಮಗೆ ಕೊಟ್ಟಿದ್ದು ಯಾರು?"

ಮೇಷ್ಟ್ರು ದೊರಾಯ್ ಕಡೆ ನೋಡಿದರು. ಬಟ್ಟೆಯ ಪಕ್ಕದಲ್ಲಿ ಒಂದೇ ಕಣ್ಣು ಕಾಣುತ್ತಿತ್ತು. ಆ ಕಣ್ಣಿಗೆ ಎಲ್ಲವೂ ನೆನಪಿದೆ ಎಂದು ದೊರಾಯ್‌ಗೆ ಕಂಡಿತು. ಎಂಬತ್ತೆರಡು, ತೊಂಬತ್ತೆರಡು, ನೂರಾ ಎರಡು, ಎಣ್ಣೆ, ಮುಚ್ಚಳ. ಅವರು ನಿಜ ಹೇಳಬೇಕಾದರೆ, ಹೆಸರುಕಾಳು ಸರಿಯಾಗಿ ಹೇಳಿದ್ದಳು, ನಾನು ಕೇಳಲಿಲ್ಲ ಎಂದು ಇಷ್ಟು ಜನರೆದುರು ಬಾಯಿಬಿಡಬೇಕು.

"ಇವಳು" ಎಂದರು ಮೇಷ್ಟ್ರು. "ಇವಳೇ ಕೊಟ್ಟಿದ್ದು."

ಮೂವತ್ತೆರಡು ವರ್ಷದ ಕೆಲಸ ಹದಿನೈದು ನಿಮಿಷದಲ್ಲಿ ಮುಗಿಯಿತು. ಹಿಂದಿನ ಮನೆಯ ಕೋಣೆಯಿಂದ ಬಟ್ಟೆಯ ಗಂಟು ಕಟ್ಟಿಕೊಂಡಳು. ಸ್ವಿಚ್ಚು ಕುದಿಸುವ ಪಾತ್ರೆ ಎತ್ತಿಕೊಳ್ಳಲು ಹೋದರೆ ರೊಡೆಲ್ ಬಾಗಿಲಲ್ಲಿ ನಿಂತಿದ್ದ. "ಅದು ಅಂಗಡಿದು ಮನಾಂಗ್" ಎಂದ. ಥರ್ಮಾಮೀಟರೂ ಅಂಗಡಿಯದ್ದೇ. ಅವಳು ಎರಡನ್ನೂ ಇಟ್ಟುಬಿಟ್ಟಳು. ಅಡುಗೆ ಬಟ್ಟೆಯ ಜೇಬಿನಲ್ಲಿ ಮಾತ್ರ ಕಿಲುಬು ಹಿಡಿದ ತೊಂಬತ್ತೆರಡರ ಸ್ವಿಚ್ಚು ಇತ್ತು, ಆ ಮಂಗಳವಾರ ಮೇಷ್ಟ್ರು ಬೇಡವೆಂದದ್ದು. ಅದನ್ನು ಅವಳು ಹೇಳದೆ ತೆಗೆದುಕೊಂಡು ಹೋದಳು. ಆ ಮನೆಯಿಂದ ಅವಳು ಕದ್ದದ್ದು ಅದೊಂದೇ.

ಜನ ತುಂಬಿಕೊಂಡು ಓಡುವ ಉದ್ದ ಜೀಪುಗಳ, ಅಂದರೆ ಜೀಪ್ನಿಗಳ, ನಿಲ್ದಾಣದ ಹಿಂದೆ ತಗಡಿನ ಒಂದು ಕೋಣೆ ಸಿಕ್ಕಿತು. ಮೊದಲ ಭಾನುವಾರ ಚರ್ಚಿಗೆ ಹೋಗುವ ಬದಲು ಅವಳು ಮೇಷ್ಟ್ರ ಮನೆಗೆ ಹೋದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡಿದ್ದಳು. ನಿಜ ಹೇಳಿ ಸರ್, ಅಷ್ಟೇ ಸಾಕು, ನಾಲ್ಕು ಜನರ ಮುಂದೆ. ಮೇಷ್ಟ್ರು ಚರ್ಚಿಗೆ ಹೋಗಿದ್ದರು. ಕೊನ್ಸಿಂಗ್ ಆಸ್ಪತ್ರೆಯಿಂದ ಬಂದು ಜಗುಲಿಯ ಬೆತ್ತದ ಕುರ್ಚಿಯಲ್ಲಿದ್ದರು. ಇನ್ನಷ್ಟು ಊದಿದ್ದರು.

"ಬಾ, ಕೂತ್ಕೋ" ಎಂದರು. "ಕಾಫಿ ನೀನೇ ಮಾಡ್ಕೋಬೇಕು. ನಂಗೆ ಏಳೋಕಾಗಲ್ಲ."

ದೊರಾಯ್ ಕೂರಲಿಲ್ಲ. ಅವಳು ಮೇಷ್ಟ್ರಿಗೆಂದು ಕೂಡಿಸಿಕೊಂಡಿದ್ದ ಮಾತು ಹಾಗೇ ಉಳಿದು ಬೇರೆಯದೇ ಹೊರಬಂತು. "ಅಮ್ಮ, ಅವತ್ತು ಕಿಟಕೀಲಿ ಕೇಳಿದ್ರಲ್ಲ, ಸರಿಹೋಗತ್ತಾ ಅಂತ. ನಂಗೆ ಗೊತ್ತಿತ್ತು. ಹೋಗಲ್ಲ ಅಂತ ಗೊತ್ತಿತ್ತು. ಹೇಳಲಿಲ್ಲ."

ಕೊನ್ಸಿಂಗ್ ಅವಳನ್ನೇ ನೋಡುತ್ತಿದ್ದರು. ಕೋಪ ಕಾಣಲಿಲ್ಲ.

"ನಂಗೂ ಗೊತ್ತಿತ್ತು" ಎಂದರು.

ದೊರಾಯ್‌ಗೆ ಅರ್ಥವಾಗಲಿಲ್ಲ.

"ಒಳಗಡೆ ನೀನು ಹೇಳಿದ್ದೆಲ್ಲ ಕಾರಿಗೆ ಕೇಳಿಸ್ತಾ ಇತ್ತು. ಆಮೇಲೆ ಹೊರಗೆ ಬಂದೆಯಲ್ಲ, ನಿನ್ನ ಮುಖ ನೋಡಿದೆ. ಎಂಜಿನಿಯರ್ ಹೇಳಿದ್ದಾರಲ್ಲ ಅಂದೆ. ಸರಿಯಾಗಿದ್ದಿದ್ರೆ ಸರಿಯಾಗಿದೆ ಅಂತಿದ್ದೆ." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. "ನಲವತ್ತಾರು ವರ್ಷ ಆಯ್ತು ನಮ್ಮ ಮದುವೆಯಾಗಿ. ಇವತ್ತಿನವರೆಗೆ ಅವರು ತಪ್ಪಾಯ್ತು ಅಂದಿದ್ದು ನಾನು ಕೇಳಿಲ್ಲ. ಸಾರಿಗೆ ಉಪ್ಪು ಜಾಸ್ತಿ ಅಂತ ಅವರು ಅಂದ್ರೆ ಜಾಸ್ತಿ. ನಮ್ಮ ಹುಡುಗಿಗೆ ಜ್ವರ ಬಂದಾಗ ಸುಮ್ಮನೆ ನೆಗಡಿ ಅಂದ್ರು. ನೆಗಡಿ ಅಂದ್ರೆ ನೆಗಡಿ. ಡಾಕ್ಟರು ಬಂದಾಗ ಮಗು ತಣ್ಣಗಾಗಿತ್ತು. ಡಾಕ್ಟರೇ ತಡವಾಗಿ ಬಂದ ಅಂದ್ರು." ಅವರ ಊದಿದ ಬೆರಳುಗಳು ಕುರ್ಚಿಯ ತೋಳನ್ನು ಹಿಡಿದಿದ್ದವು. "ಒಂದು ಸಲ ಅವರದೇ ತಪ್ಪು ಅಂತ ಆಗ್ಲಿ ಅನ್ನಿಸ್ತು. ಬೆಟ್ಟದ ಮೇಲೆ, ದಾರೀಲಿ ಹೋಗೋರೆಲ್ಲ ನೋಡ್ತಾ ಇರುವಾಗ. ನಾನು ಇರೋದು ಇನ್ನೆಷ್ಟು ದಿನ? ಅದನ್ನ ನೋಡಿ ಹೋಗೋಣ ಅಂತ ಸುಮ್ಮನೆ ಕೂತೆ."

"ನಿಮ್ಮ ಜೀವ ಹೋಗ್ತಿತ್ತಲ್ಲಮ್ಮ."

"ಹೋಗಲಿಲ್ಲವಲ್ಲ. ನೋಡೋದಂತೂ ನೋಡಿದೆ." ಕೊನ್ಸಿಂಗ್ ಸ್ವಲ್ಪ ನಕ್ಕರು, ಕೆಮ್ಮು ಬಂತು. "ಅಷ್ಟಾಗಿಯೂ ಏನಂದ್ರು ಗೊತ್ತಾ? ಮುಖ ಸುಟ್ಟು ಚರ್ಮ ಜೋತಾಡ್ತಾ ಇದೆ, ಅವರು ಟವೆಲು ತೆಳ್ಳಗಿತ್ತು, ದಪ್ಪಂದು ಯಾಕೆ ಇಡಲಿಲ್ಲ ಅಂತ ನಂಗೆ ಬೈದ್ರು."

ಆಗ ಮೇಷ್ಟ್ರು ಗೇಟು ತೆರೆದು ಬಂದರು. ದೊರಾಯ್‌ಳನ್ನು ನೋಡಿ ನಿಂತರು. ಕೊನ್ಸಿಂಗ್ ಮಾತಾಡಿದರು. "ಇವಳು ಸರಿಯಾದ ಸ್ವಿಚ್ಚು ತಂದಿದ್ದಾಳಂತೆ. ಹಾಕ್ಲಿ ಬಿಡಿ. ನಂಗೆ ಬಸ್ಸಲ್ಲಿ ಹೋಗಿ ಹೋಗಿ ಸೊಂಟ ಬಿದ್ದುಹೋಗಿದೆ."

ದೊರಾಯ್ ತಂದಿದ್ದೇನೆಂದು ಹೇಳಿಯೇ ಇರಲಿಲ್ಲ. ಆದರೆ ಜೇಬಿನಲ್ಲಿತ್ತು. ಅವಳು ಅಂಗಳದಲ್ಲಿ ಕಾರಿನ ಮುಂದೆ ಮಂಡಿಯೂರಿ ಕುಳಿತಳು. ಬೋಗುಣಿ ಇಟ್ಟು ರೇಡಿಯೇಟರಿನ ತಳದಲ್ಲಿ ಉಳಿದಿದ್ದ ನೀರಿಳಿಸಿದಳು. ಮೇಷ್ಟ್ರು ಕುರ್ಚಿ ತರಿಸಿಕೊಂಡು ಎರಡು ಮಾರು ದೂರದಲ್ಲಿ ಕುಳಿತು ಹೇಳತೊಡಗಿದರು. ಸ್ಪ್ಯಾನರ್ ಹಾಗೆ ಹಿಡಿಯಬೇಡ. ಎಡಕ್ಕೆ, ಎಡ ಅಂದರೆ ಎಡ. ಅಷ್ಟು ಬಿಗಿ ಬೇಡ, ಹಿತ್ತಾಳೆ ಸೀಳಿಹೋಗುತ್ತದೆ. ಮೂವತ್ತೆರಡು ವರ್ಷದಿಂದ ಗೊತ್ತಿದ್ದದ್ದನ್ನು ಅವಳು ಮತ್ತೊಮ್ಮೆ ಕೇಳಿಸಿಕೊಂಡಳು. ಹೊಸ ಮುಚ್ಚಳ ಬೇಕೆಂದಾಗ ಮಾತ್ರ ಅವರು ಬೇಡವೆನ್ನಲಿಲ್ಲ. ಹೊಸ ನೀರು ತುಂಬಿ, ಇಂಜಿನ್ ಶುರು ಮಾಡಿ ಮೂವರೂ ಕಾದರು. ಬಿಸಿ ತೋರಿಸುವ ಮುಳ್ಳು ಏರಿತು, ಇನ್ನೂ ಏರಿತು, ಟಕ್ ಎಂದಿತು, ಫ್ಯಾನು ತಿರುಗಿತು. ನಾಲ್ಕು ನಿಮಿಷಕ್ಕೆ ನಿಂತಿತು.

ಮೇಷ್ಟ್ರು ಎದ್ದು ನಿಂತರು. "ಮೊದಲೇ ಇದನ್ನ ಕೊಡೋಕೆ ಏನಾಗಿತ್ತು ನಿಂಗೆ?" ಎಂದು ಒಳಗೆ ಹೋದರು.

ದೊರಾಯ್‌ಳ ಕೈಯಲ್ಲಿ ಸ್ಪ್ಯಾನರ್ ಇತ್ತು. ಒಂದು ಗಳಿಗೆ ಅದನ್ನು ಆ ನೆಟ್ಟಗಿನ ಬೆನ್ನಿಗೆ ಬೀಸಬೇಕೆನ್ನಿಸಿತು. ಜಗುಲಿಯ ಮೇಲಿಂದ ಕೊನ್ಸಿಂಗ್ ಅವಳನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು. ಅವರ ಕಣ್ಣು ನಗುತ್ತಿತ್ತು.

ಆ ವರ್ಷ ದೊರಾಯ್ ಜೀಪ್ನಿ ನಿಲ್ದಾಣದಲ್ಲಿ ಬಾಳೆಹಣ್ಣು ಕರಿದು ಮಾರಿದಳು. ಪಕ್ಕದಲ್ಲಿ ಇನ್ನೊಂದು ಒಲೆ. ಅದರಲ್ಲಿ ಹೊಸ ಪಾತ್ರೆ, ಹೊಸ ಥರ್ಮಾಮೀಟರು. ಡ್ರೈವರುಗಳು ಸ್ವಿಚ್ಚು ತಂದುಕೊಟ್ಟು ಹಣ್ಣು ತಿನ್ನುತ್ತ ಬಲ್ಬು ಹೊತ್ತುವುದನ್ನು ನೋಡುತ್ತಿದ್ದರು. ರೊಡೆಲ್‌ನ ಅಂಗಡಿಗೆ ಏನೂ ಆಗಲಿಲ್ಲ, ಚೆನ್ನಾಗಿಯೇ ನಡೆಯಿತು. ನೂರಾ ಎರಡರ ಸ್ವಿಚ್ಚುಗಳನ್ನು ಅವನು ಬೇರೆ ಊರಿನ ಅಂಗಡಿಯವನಿಗೆ ದಾಟಿಸಿದ. ಅವು ಅಲ್ಲಿ ಯಾರ ಮುಖ ಸುಟ್ಟವೋ ಯಾರಿಗೂ ಗೊತ್ತಿಲ್ಲ.

ಆಗಸ್ಟಿನಲ್ಲಿ ಕೊನ್ಸಿಂಗ್ ತೀರಿಕೊಂಡರು. ಬೆಟ್ಟದ ಮೇಲಲ್ಲ, ಮನೆಯಲ್ಲೇ, ಮಧ್ಯಾಹ್ನದ ನಿದ್ದೆಯಲ್ಲಿ. ಊರಿನ ಪದ್ಧತಿಯಂತೆ ಹೂಳುವ ಮೊದಲು ಶವವನ್ನು ಮನೆಯಲ್ಲಿಟ್ಟು ಕಾಯುತ್ತಿದ್ದ ಎರಡನೇ ದಿನ ಊಟದ ಹೊತ್ತಿಗೆ ದೊರಾಯ್ ಹೋದಳು. ಅಂಗಳದಲ್ಲಿ ಗಂಡಸರು ಇಸ್ಪೀಟು ಆಡುತ್ತಿದ್ದರು, ಹೆಂಗಸರು ಶುಂಠಿ ಗಂಜಿ ಬಡಿಸುತ್ತಿದ್ದರು. ಮೇಷ್ಟ್ರು ಶವಪೆಟ್ಟಿಗೆಯ ಪಕ್ಕ ಬಿಳಿ ಅಂಗಿಯಲ್ಲಿ ಕುಳಿತಿದ್ದರು. ಗಾಯಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿಯಾಗಿತ್ತು. ಬಲಗೆನ್ನೆ ಕರಗಿ ಗಟ್ಟಿಯಾದ ಮೇಣದಂತಿತ್ತು, ಆ ಬದಿಯ ಕಿವಿ ಕೇಳಿಸುತ್ತಿರಲಿಲ್ಲ.

ದೊರಾಯ್ ಶಿಲುಬೆ ಗುರುತು ಮಾಡಿಕೊಂಡು ಪೆಟ್ಟಿಗೆಯ ಮುಂದೆ ನಿಂತಳು. ಮೇಷ್ಟ್ರು ಸುತ್ತ ಕುಳಿತವರಿಗೆ ಹೇಳಿದರು. "ಇವಳೇ. ನಾನು ಹೇಳ್ತಿದ್ನಲ್ಲ, ಆ ಸ್ವಿಚ್ಚು ಕೊಟ್ಟವಳು. ಅವತ್ತು ಮೂರು ಗಂಟೆ ಹೊತ್ತು ಬಿಸಿಲಲ್ಲಿ ಕೂತಿದ್ದೇ ನನ್ನ ಹೆಂಡತಿ ಪ್ರಾಣಕ್ಕೆ ಬಂತು. ಆಮೇಲೆ ಚೇತರಿಸಿಕೊಳ್ಳಲೇ ಇಲ್ಲ."

ಗಂಜಿಯ ಸೌಟು ನಿಂತಿತು. ಇಸ್ಪೀಟಿನವರೂ ತಿರುಗಿದರು. ಯಾರೋ ಒಬ್ಬಳು, "ಎಷ್ಟು ಧೈರ್ಯ ನೋಡು, ಬಂದು ನಿಂತಿದ್ದಾಳೆ" ಎಂದಳು.

ದೊರಾಯ್ ಮೇಷ್ಟ್ರ ಹತ್ತಿರ ಹೋದಳು. ಕೇಳಿಸುವ ಕಿವಿಯ ಕಡೆಗೆ ಸರಿದು ಬಗ್ಗಿದಳು. ದೂರದಿಂದ ನೋಡಿದವರಿಗೆ ಕ್ಷಮೆ ಕೇಳುತ್ತಿದ್ದಾಳೆ ಅನ್ನಿಸಿರಬೇಕು.

"ಸರ್, ಅಮ್ಮನಿಗೆ ಗೊತ್ತಿತ್ತು" ಎಂದಳು, ಮೆಲ್ಲಗೆ. "ಸ್ವಿಚ್ಚು ತಪ್ಪು ಅಂತ ಗೊತ್ತಿದ್ದೇ ಕಾರಲ್ಲಿ ಕೂತಿದ್ರು. ನಾನು ಹೇಳಿದ್ದು ಅವರಿಗೆ ಕೇಳಿಸಿತ್ತು. ನಿಮಗೆ ಒಂದು ಸಲ ಆಗ್ಲಿ ಅಂತ. ನಾಲ್ಕು ಜನ ನೋಡ್ಲಿ ಅಂತ."

"ಸುಳ್ಳು."

"ನಿಮ್ಮ ಹುಡುಗಿ ಜ್ವರದಲ್ಲಿ ಹೋದ ವಿಷಯ ನಂಗೆ ಯಾರು ಹೇಳ್ತಾರೆ ಸರ್? ನೀವು ನೆಗಡಿ ಅಂದಿದ್ದು?"

ಮೇಷ್ಟ್ರ ಬಾಯಿ ತೆರೆಯಿತು. ಎಡಗೆನ್ನೆ ಅಲುಗಿತು, ಬಲಗೆನ್ನೆ ಅಲುಗಲಿಲ್ಲ. ಅವರು ಪೆಟ್ಟಿಗೆಯೊಳಗಿನ ಮುಖದ ಕಡೆ ನೋಡಿದರು, ತರಗತಿಯಲ್ಲಿ ಉತ್ತರಕ್ಕಾಗಿ ಕಾಯುವವರ ಹಾಗೆ ಬಹಳ ಹೊತ್ತು ನೋಡಿದರು. ನೆಟ್ಟಗಿದ್ದ ಬೆನ್ನು ಅವತ್ತು ಮೊದಲ ಸಲ ಕುರ್ಚಿಗೆ ಒರಗಿತು.

ದೊರಾಯ್ ಅಡುಗೆಮನೆಗೆ ಹೋಗಿ ಉಳಿದ ಹೆಂಗಸರ ಜೊತೆ ನಿಂತು ಲೋಟ ತೊಳೆದಳು. ಯಾರೂ ಅವಳಿಗೆ ಜಾಗ ಬಿಡಲಿಲ್ಲ, ಅವಳೇ ಮಾಡಿಕೊಂಡಳು. ಮನೆಗೆ ನಡೆದು ಹೋಗುವಾಗ ಮೈ ಹಗುರಾಗಿತ್ತು, ಅದನ್ನು ಅವಳು ಯಾವತ್ತೂ ಮುಚ್ಚಿಟ್ಟಿಲ್ಲ. ಬಹಳ ಖುಷಿಯಾಗಿತ್ತು ಎಂದೇ ಹೇಳುತ್ತಾಳೆ. ಸುಮಾರು ಒಂದು ವಾರ ಆ ಖುಷಿ ಇತ್ತಂತೆ.

ಅಕ್ಟೋಬರಿನ ಒಂದು ಬೆಳಿಗ್ಗೆ ಮೇಷ್ಟ್ರು ಜೀಪ್ನಿ ನಿಲ್ದಾಣಕ್ಕೆ ಬಂದರು. ಕೈಯಲ್ಲಿ ಕೋಲು ಇತ್ತು. ಕರಿದ ಬಾಳೆಹಣ್ಣು ಕೇಳಿದರು, ತಿನ್ನಲಿಲ್ಲ. ಬೆಂಚಿನ ತುದಿಯಲ್ಲಿ ಎಡಗಿವಿ ಅವಳ ಕಡೆ ಬರುವಂತೆ ಕುಳಿತರು.

"ಅವಳು ಹೇಳಿದ್ದು ಸರಿಯಾಗಿ ಹೇಳು" ಎಂದರು. "ಅವತ್ತು ಅರ್ಧಂಬರ್ಧ ಹೇಳಿದೆ."

ದೊರಾಯ್ ಜಾಲರಿ ಸೌಟಿನಿಂದ ಎಣ್ಣೆಯೊಳಗಿನ ಹಣ್ಣನ್ನು ಮಗುಚುತ್ತ ಹೇಳಿದಳು. ಬೆತ್ತದ ಕುರ್ಚಿ, ಕಾಫಿ, ನಲವತ್ತಾರು ವರ್ಷ, ಸಾರಿನ ಉಪ್ಪು, ಮಗುವಿನ ಜ್ವರ, ಡಾಕ್ಟರು. ಟವೆಲಿನ ಮಾತಿಗೆ ಕೊನ್ಸಿಂಗ್ ನಕ್ಕದ್ದನ್ನೂ, ತುಟಿಯ ಮೇಲೆ ಬೆರಳಿಟ್ಟದ್ದನ್ನೂ ಹೇಳಿದಳು. ಮೇಷ್ಟ್ರು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಕೇಳಿದರು. "ಆಗಲಿ ಅಂದಳಾ, ಆಗಬೇಕು ಅಂದಳಾ?"

"ಆಗ್ಲಿ ಅನ್ನಿಸ್ತು ಅಂದ್ರು."

"ಸರಿ" ಎಂದು ಎದ್ದು ಹೋದರು.

ಮುಂದಿನ ವಾರ ಮತ್ತೆ ಬಂದರು. ಅದರ ಮುಂದಿನ ವಾರವೂ ಬಂದರು. ಆ ಮನೆಯಲ್ಲಿ ಕೊನ್ಸಿಂಗ್ ಬಾಯಿಬಿಟ್ಟು ಮಾತಾಡಿದ್ದು ಮೇಷ್ಟ್ರಿಗೆ ಗೊತ್ತಿದ್ದಷ್ಟರಲ್ಲಿ ಅದೊಂದೇ ಸಲ, ಅದನ್ನು ಕೇಳಿದ್ದವಳು ಈ ಒಬ್ಬಳೇ. ಡ್ರೈವರುಗಳು, "ಮನಾಂಗ್, ಮುದುಕನಿಗೆ ಯಾಕೆ ಅಷ್ಟು ಹಿಂಸೆ? ಒಂದೆರಡು ಮಾತು ನುಂಗಿಕೊಂಡು ಹೇಳಬಾರದಾ?" ಎಂದರೆ ದೊರಾಯ್, "ಅವರೇ ಕೇಳೋದು" ಎನ್ನುತ್ತಾಳೆ. ಮೇಷ್ಟ್ರು ಬಂದು ಬೆಂಚಿನ ತುದಿಯಲ್ಲಿ ಕುಳಿತು ಎಡಗಿವಿ ತಿರುಗಿಸಿದಾಗ ಅವಳು ಒಲೆಯ ಉರಿ ತಗ್ಗಿಸಿ ಮೊದಲಿಂದ ಶುರು ಮಾಡುತ್ತಾಳೆ. ಒಂದು ಪದವನ್ನೂ ಬಿಡುವುದಿಲ್ಲ, ಒಂದನ್ನೂ ಸೇರಿಸುವುದಿಲ್ಲ. ಮಗುವಿನ ಜ್ವರದ ಹತ್ತಿರ ಬಂದಾಗ ಮಾತ್ರ ಮೇಷ್ಟ್ರು ಕೈಯೆತ್ತಿ ನಿಲ್ಲಿಸುತ್ತಾರೆ, ಆಮೇಲೆ ಮುಂದೆ ಹೇಳು ಎನ್ನುತ್ತಾರೆ.